ಮಳೆಗ್ರಹದ ದೊರೆಗೊಂದು ಗೊರಬು

ಅಪ್ಪಾ,

ನಿನ್ನ ಕ್ಷೇಮ ಕೇಳುವ ಹಾಗಿಲ್ಲ, ನನ್ನ ಕ್ಷೇಮ ಹೇಳುವ ಮನಸ್ಸಿಲ್ಲ. ನೀನು ಹೋದ ಮೇಲೆ ಮನೆಗೆ ಬಂದವರೆಲ್ಲ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. 'ಎಂಥಾ ಸಾಧು ಮನುಷ್ಯ ಶಿವಣ್ಣ, ಒಬ್ಬರಿಗೆ ಎದುರಾಡಿದ್ದಿಲ್ಲ' ಎಂದರು. ನಾನು ಕಾಫಿ ಲೋಟ ಎತ್ತಿಡುತ್ತಿದ್ದೆ. ಎದುರಾಡದೆ ಇರುವುದರ ಬೆಲೆಯನ್ನು ಯಾರು ತೆತ್ತರು ಎಂದು ಅವರಿಗೆ ಹೇಗೆ ಹೇಳಲಿ? ನೀನಿದ್ದಾಗ ನಿನ್ನ ಬಿ.ಪಿ.ಗೆ ಹೆದರಿ ಅರ್ಧ ಮಾತು ನುಂಗಿಕೊಂಡಿದ್ದೆ. ಈಗ ಆ ಹೆದರಿಕೆ ಇಲ್ಲ. ಪೂರ್ತಿ ಬರೆಯುತ್ತೇನೆ.

ಅಂಗಡಿಯ ದಿನಗಳು ಮೊದಲು ನೆನಪಾಗುತ್ತವೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ, ಹನೀಫಣ್ಣನ ಜೀಪ್ ಗ್ಯಾರೇಜಿಗೆ ಒತ್ತಿಕೊಂಡು ನಮ್ಮ ಅಂಗಡಿ. ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿತ್ತು. ಜನ ಕರೆದದ್ದು ಮಾತ್ರ 'ಡ್ರೆಸ್ ಶಿವಣ್ಣನ ಅಂಗಡಿ' ಎಂದು. ಸ್ಕೂಲ್ ಡೇ ಬಂತೆಂದರೆ ಬಾಳೂರು, ಜಾವಳಿ ಕಡೆಯ ಮೇಷ್ಟ್ರುಗಳು ಜೀಪಿನಲ್ಲಿ ಬಂದು ರಾಮನನ್ನೋ ರಾವಣನನ್ನೋ ಬಾಡಿಗೆಗೆ ಒಯ್ಯುತ್ತಿದ್ದರು. ಹಿಂತಿರುಗುವಾಗ ರಾವಣನ ಒಂದೆರಡು ತಲೆ ಮುರಿದಿರುತ್ತಿದ್ದವು. ನೀನು ಬೈಯದೆ ಅಂಟಿಸುತ್ತಿದ್ದೆ. ಬಟ್ಟೆಗಳೆಲ್ಲ ಎಲ್ಲಿಂದಲೋ ತಂದ ಹಳೆಯವು. ಕಿರೀಟಗಳು ಮಾತ್ರ ನಿನ್ನವು. ಬಿದಿರಿನ ಸೀಳು, ರಟ್ಟು, ಬಣ್ಣದ ಬೇಗಡೆ, ಕನ್ನಡಿ ಚೂರು ಇಷ್ಟರಲ್ಲೇ ನೀನು ಎಂಥೆಂಥ ರಾಜರನ್ನು ಮಾಡಿದೆ! ಆದರೆ ಅಂಟಿನ ಡಬ್ಬಿಯ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ. 'ಇದು ನಿಂಗೆ ಬ್ಯಾಡ, ಓದಿ ಟೀಚರಾಗು' ಎನ್ನುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಎಸ್ಟೇಟಿನ ಧಣಿ ಮಗನಿಗೆಂದು ಕಿರೀಟ ಮಾಡಿಸಿದ್ದರು, ನೆನಪಿದೆಯಾ? ಅವರು ಹೇಳಿದ್ದು ಒಂದೇ ಮಾತು, 'ಚೆನ್ನಾಗಿರ್ಲಿ ಶಿವಣ್ಣ'. ನವಿಲಿನ ಕುತ್ತಿಗೆಯ ಹಾಗೆ ಬಾಗಿದ ಆ ಕಿರೀಟಕ್ಕೆ ನೀನು ವಾರವಿಡೀ ಕೂತೆ. ಅವರು ಬಂದು ನೋಡಿ ಹೊಗಳಿದಾಗ ನೀನು ಕೈಮುಗಿದು, 'ಎಲ್ಲಾ ನೀವು ಹೇಳ್ದಂಗೇ ಮಾಡಿದ್ದು ಸಾರ್, ನಂದೇನಿಲ್ಲ' ಅಂದೆ. ಅವರ ಕಾರು ತಿರುಗಿದ ಮೇಲೆ ನಾನು ಕೇಳಿದೆ, 'ಅವರೆಲ್ಲಿ ಹೇಳಿದ್ರಪ್ಪ?' ನೀನು ನಕ್ಕೆ. 'ಹಂಗೆ ಹೇಳ್ಬೇಕು ಮಾರಾಯ್ತಿ. ಅವ್ರಿಗೆ ಖುಷಿ ಆಗುತ್ತೆ. ನಂಗೇನು ಹೋಗುತ್ತೆ?' ಅಂದೆ. ಆಗ ನನಗೂ ಅದು ಜಾಣತನ ಅನ್ನಿಸಿತ್ತು.

ಟೀಚರಾಗಲಿಲ್ಲ ನಾನು. ಬೆಂಗಳೂರಿಗೆ ಹೋಗಿ ಸಿನಿಮಾದ ಉಡುಪು ವಿಭಾಗ ಸೇರಿದೆ. ಇಸ್ತ್ರಿ ಹಾಕಿದೆ, ಗುಂಡಿ ಹೊಲಿದೆ, ನಿಧಾನಕ್ಕೆ ಅಸಿಸ್ಟೆಂಟ್ ಆದೆ. ವಿಭಾಗದ ಮುಖ್ಯಸ್ಥ ಕಿರಣ್ ಸಾರ್. ಅವರ ಕೈಗೆ ಆ ವೈಜ್ಞಾನಿಕ ಕಲ್ಪನೆಯ ಸಿನಿಮಾ ಬಂದಾಗ ನಾನು ಅವರ ಜೊತೆ ಐದಾರು ವರ್ಷದಿಂದ ಇದ್ದೆ. ಕತೆ ನಡೆಯುವುದು ಮಳೆ ಎಂದೂ ನಿಲ್ಲದ ಒಂದು ಗ್ರಹದಲ್ಲಿ. ಅಲ್ಲಿನ ಚಕ್ರವರ್ತಿಗೆ ಉಡುಪು ಬೇಕು, ಹಿಂದೆ ಯಾರೂ ನೋಡಿರಬಾರದು. ಸಾರ್ ಬರೆದದ್ದೆಲ್ಲ ಚಿನ್ನದ ಕವಚ, ಭುಜಕ್ಕೆ ರೆಕ್ಕೆ. ನಿರ್ದೇಶಕರು ಒಂದೊಂದನ್ನೇ ಪಕ್ಕಕ್ಕೆ ಸರಿಸಿದರು. ಆ ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಅಮ್ಮ ಕಣ್ಣ ಮುಂದೆ ಬಂದಳು.

ಜಾವಳಿಯ ಅಜ್ಜಿ ಮನೆ ಗದ್ದೆಯಲ್ಲಿ ಅಮ್ಮ ನಾಟಿಗೆ ಇಳಿಯುತ್ತಿದ್ದದ್ದು ನಿನಗೆ ಗೊತ್ತಲ್ಲ. ಆಗಲೇ ಉಳಿದ ಹೆಂಗಸರೆಲ್ಲ ತಲೆಗೆ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹಾಕುತ್ತಿದ್ದರು. ಅಮ್ಮ ಮಾತ್ರ ಅಟ್ಟದಿಂದ ಹಳೆಯ ಗೊರಬು ಇಳಿಸುತ್ತಿದ್ದಳು. ಬಿದಿರಿನ ಹಂದರಕ್ಕೆ ಎಲೆ ಹೆಣೆದ, ಮಗುಚಿದ ದೋಣಿಯಂಥ ಗೊರಬು. ತಲೆಯಿಂದ ಸೊಂಟದ ತನಕ ಅದನ್ನು ಹೊತ್ತು ಬಗ್ಗಿದರೆ ಮಳೆ ಎಷ್ಟೇ ಹೊಯ್ಯಲಿ, ಅಮ್ಮನ ಬೆನ್ನು ಒದ್ದೆಯಾಗುತ್ತಿರಲಿಲ್ಲ. ನಿಲ್ಲದ ಮಳೆಯ ಲೋಕದಲ್ಲಿ ದೊಡ್ಡವನು ಯಾರು? ನೆನೆಯದೆ ಇರುವವನು. ಆಳಿಗೆ ಒಂದು ಪದರ, ಮಂತ್ರಿಗೆ ಐದಾರು ಪದರ, ದೊರೆಗೆ ಎಣಿಸಲಾರದಷ್ಟು ಪದರ. ನೆತ್ತಿಯಿಂದ ನೆಲದವರೆಗೆ ಎಲೆಯ ಮೇಲೆ ಎಲೆ ಕೂರುವ ಒಂದು ರಾಜ ಗೊರಬು. ಬಣ್ಣ, ಹಣ್ಣಿನ ಸಿಪ್ಪೆ ತೆಗೆದು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜದ್ದು, ಚಿನ್ನವೂ ಅಲ್ಲದ ಹುಲ್ಲೂ ಅಲ್ಲದ ಆ ತಿಳಿ ಬಣ್ಣ. ಅದರ ಬೆನ್ನೆಲುಬನ್ನು ಹಿಡಿದು ನಿಲ್ಲಿಸಲು ಹಣೆಯ ಮೇಲೊಂದು ಕಿರೀಟ. ರಾತ್ರಿಯೇ ಕೂತು ಅದರ ಚಿತ್ರ ಬರೆದು ಕಿರಣ್ ಸಾರ್ ಕೈಗೆ ಕೊಟ್ಟೆ. ನಿರ್ದೇಶಕರು 'ಇದೇ' ಎಂದರು. 'ಕಿರೀಟ ನಮ್ಮಪ್ಪ ಮಾಡ್ತಾರೆ' ಎಂದು ನಾನೇ ಹೇಳಿದೆ. ಎಷ್ಟು ಹೆಮ್ಮೆಯಿಂದ ಹೇಳಿದೆ ಗೊತ್ತಾ ಅಪ್ಪಾ...

ಆ ಚಿತ್ರ ಹಿಡಿದುಕೊಂಡು ಅಂಗಡಿಗೆ ಬಂದ ಬೆಳಿಗ್ಗೆ ನೀನು ಮಣಿ ಆರಿಸುತ್ತಾ ಕೂತಿದ್ದೆ. ಕನ್ನಡಕ ಏರಿಸಿ ನೋಡಿ ನಕ್ಕುಬಿಟ್ಟೆ.

'ಇದೆಂಥದು, ಗೊರಬು ಹಾಕ್ಕಂಡ ರಾಜ?'

'ಅಲ್ಲಿ ಮಳೆ ನಿಲ್ಲೋದೇ ಇಲ್ಲಪ್ಪ. ನೆನೆಯದೆ ಇರೋನೇ ಅಲ್ಲಿ ದೊಡ್ಡೋನು.'

'ಆಳಿನ ಬಟ್ಟೆ ಹಾಕ್ಸಿ ರಾಜ ಅಂದ್ರೆ ಯಾರು ನಂಬ್ತಾರೆ? ರಾಜ ಅಂದ್ರೆ ಎದೆ ಕಾಣ್ಬೇಕು. ಇದಕ್ಕೆಲ್ಲ ನಾ ಕಿರೀಟ ಮಾಡಲ್ಲ, ಹೋಗು.'

ನಾನು ಬೇಡಿಕೊಂಡೆ. ನೀನು ಮತ್ತೆ ಮಣಿಗಳ ಕಡೆ ತಿರುಗಿದೆ.

ಮರುವಾರ ಕಿರಣ್ ಸಾರ್ ಕಾರಿನಲ್ಲಿ ಬಂದರು. ನಮ್ಮ ಮುರುಕು ಸ್ಟೂಲಿನ ಮೇಲೆ ಕೂತರು, ನಿನ್ನನ್ನು 'ಗುರುಗಳೇ' ಎಂದು ಕರೆದರು. ನಾನು ಒಳಗಿನಿಂದ ಕಾಫಿ ತರುತ್ತಿದ್ದೆ. ಅವರು ಅದೇ ಚಿತ್ರ ತೋರಿಸಿ ಅದೇ ಮಾತು ಹೇಳುತ್ತಿದ್ದರು: ಮಳೆ ನಿಲ್ಲದ ಗ್ರಹ, ನೆನೆಯದವನೇ ದೊಡ್ಡವನು, ಆಳಿಗೆ ಒಂದು ಪದರ. ನೀನು ಬಾಯಿ ತೆರೆದು ಕೇಳುತ್ತಿದ್ದೆ. 'ಎಂಥಾ ತಲೆ ಸಾರ್ ನಿಮ್ದು!' ಅಂದೆ. ಕಾಫಿ ಕೊಟ್ಟ ನನ್ನ ಕೈಯನ್ನು ನೀನು ನೋಡಲಿಲ್ಲ. ಅವರು ಹೊರಟ ಕೂಡಲೇ ಬಿದಿರು ಸೀಳಲು ಕೂತೆ. ವಾರದ ಹಿಂದೆ ಮಗಳು ಹೇಳಿದಾಗ ಕೇಳದ್ದು ಅಂದು ಹೇಗೆ ಕೇಳಿಸಿತು? ಕಾರಿನಲ್ಲಿ ಬಂದ ಮಾತಿಗೆ ಮಾತ್ರ ನಿನ್ನ ಕಿವಿ ತೆರೆಯುತ್ತಿತ್ತಾ?

ಆದರೂ ಆಮೇಲಿನ ದಿನಗಳನ್ನು ನಾನು ಸುಳ್ಳು ಎನ್ನಲಾರೆ. ನಾನು ಹಿಂದಿನ ಜಗುಲಿಯಲ್ಲಿ ಗೊರಬಿನ ಎಲೆಗಳನ್ನು ಒಂದೊಂದಾಗಿ ತಂತಿಗೆ ಹೊಲಿಯುತ್ತಿದ್ದೆ, ನೀನು ಬಾಗಿಲ ಬೆಳಕಿನಲ್ಲಿ ಕಿರೀಟ ಕಟ್ಟುತ್ತಿದ್ದೆ. ಪಕ್ಕದಲ್ಲಿ ಹನೀಫಣ್ಣ ಯಾವುದೋ ಜೀಪಿನ ಸೈಲೆನ್ಸರ್ ಬಡಿಯುತ್ತಿದ್ದ. ಒಂದು ದಿನ ನೀನಾಗಿಯೇ ನನ್ನನ್ನು ಕರೆದೆ. 'ಇಲ್ಲಿ ಹಿಡ್ಕ. ಭಾರ ಹಣೆಗೆ ಬಿಡಬಾರ್ದು, ಕಿವಿ ಹಿಂದಕ್ಕೆ ಬಿಡ್ಬೇಕು. ಇಲ್ದಿದ್ರೆ ಹಾಕ್ಕಂಡೋನು ಹೆಚ್ಚೊತ್ತು ನಿಲ್ಲಲ್ಲ.' ಅಷ್ಟು ವರ್ಷದಲ್ಲಿ ಮೊದಲ ಸಲ ಅಂಟಿನ ಬ್ರಷ್ ನನ್ನ ಕೈಗೆ ಬಂತು. ಇನ್ನೊಂದು ದಿನ ನೀನು ಗೊರಬಿನ ಅಂಚನ್ನು ಬೆರಳಲ್ಲಿ ಜಗ್ಗಿ ನೋಡಿ, 'ಹೊಲಿಗೆ ಗಟ್ಟಿ ಅದೆ' ಅಂದೆ. ನನ್ನ ಕೆಲಸದ ಬಗ್ಗೆ ನೀನು ಹೇಳಿದ ಒಳ್ಳೆಯ ಮಾತು ಅದೊಂದೇ. ಅದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಎಂದರೆ ನಾಚಿಕೆಯಾಗುತ್ತದೆ.

ಬಾಳೂರಿನ ಮೇಲಿನ ಹುಲ್ಲು ಗುಡ್ಡದಲ್ಲಿ ಶೂಟಿಂಗ್. ಉಡುಪನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹನೀಫಣ್ಣನ ಜೀಪಿನಲ್ಲಿ ಹತ್ತಿದೆವು. ಹೀರೋಗೆ ತೊಡಿಸಿದಾಗ ಅಷ್ಟೂ ಜನ ಕೆಲಸ ಬಿಟ್ಟು ಸುತ್ತ ನೆರೆದರು. ಟ್ಯಾಂಕರಿನ ನೀರನ್ನು ಪೈಪಿನಲ್ಲಿ ಮಳೆಯಾಗಿ ಹಾರಿಸಿದರು. ನೀರು ಎಲೆಯಿಂದ ಎಲೆಗೆ ಜಾರಿ ನೆಲಕ್ಕೆ ಹೋಯಿತು. ನಿರ್ದೇಶಕರು ಓಡಿಬಂದು ಒಳಗೆ ಕೈ ಹಾಕಿ, 'ಒಣಗೇ ಇದೆ!' ಎಂದು ಕೂಗಿದರು. ಗಾಳಿಗೆ ಹಾರದಂತೆ ಹಿಂದಿನ ಅಂಚನ್ನು ಹಿಡಿದು ನಾನು ಮಂಡಿಯೂರಿ ಕೂತಿದ್ದೆ. ಎದ್ದು ಕುಣಿಯಬೇಕು ಅನ್ನಿಸಿತ್ತು.

ಆಗಲೇ ಆ ಇಬ್ಬರು ಹುಡುಗಿಯರು ಚಿಕ್ಕ ಕ್ಯಾಮೆರಾ ಹಿಡಿದು ನಿನ್ನ ಹತ್ತಿರ ಬಂದದ್ದು. ಸಿನಿಮಾ ತಯಾರಾದ ಬಗೆಯ ವಿಡಿಯೋ ಮಾಡುತ್ತಿದ್ದರು. 'ಈ ಉಡುಪಿನ ಕಲ್ಪನೆ ಯಾರದು ಅಂಕಲ್?' ಎಂದು ಕೇಳಿದರು. ಕಿರಣ್ ಸಾರ್ ನಿನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಅಷ್ಟು ದೂರದಲ್ಲಿ ಇರಲಿಲ್ಲ ಅಪ್ಪಾ, ನನಗೆ ಕೇಳಿಸುತ್ತಿತ್ತು. ನೀನು ಕೈಮುಗಿದೆ.

'ಎಲ್ಲಾ ಸಾರ್ ತಲೇಲಿ ಹೊಳೆದಿದ್ದು. ಈ ಗೊರಬು, ಬಣ್ಣ, ಕಿರೀಟ, ಎಲ್ಲಾ ಅವ್ರೇ ಬಿಡಿಸಿ ಹೇಳಿದ್ರು. ನಾವು ಹೇಳ್ದಂಗೆ ಮಾಡೋರು. ಮಗಳೂ ಹೊಲಿಗೆ ಗಿಲಿಗೆ ಅಂತ ಸ್ವಲ್ಪ ಜೊತೇಲಿದ್ಲು.'

ಹೊಲಿಗೆ ಗಿಲಿಗೆ!

ಬೆಂಗಳೂರಿನ ಆಫೀಸಿನಲ್ಲಿ, ಪರದೆಯ ಮೇಲೆ ಬರುವ ಹೆಸರುಗಳು ಅಂತಿಮವಾಗುವಾಗ ನಾನು ಕಿರಣ್ ಸಾರ್ ಮುಂದೆ ನಿಂತೆ. ರಾಜನ ಉಡುಪಿಗಾದರೂ ನನ್ನ ಹೆಸರು ಹಾಕಿ ಎಂದೆ. ಅವರು ಕೂಗಾಡಲಿಲ್ಲ. ಫೋನ್ ತೆಗೆದು ಆ ಹುಡುಗಿಯರ ವಿಡಿಯೋ ಹಾಕಿದರು. ನೀನು ಕೈಮುಗಿದೆ, ಹೇಳಿದೆ, ನಕ್ಕೆ. 'ನಿಮ್ಮಪ್ಪನೇ ಹೇಳ್ತಿದಾರಲ್ಲ ವಿನುತಾ. ನಾನೇನು ಹೇಳ್ಸಿದ್ನಾ?' ಎಂದರು. ಚಿತ್ರ ನನ್ನ ಕೈಯದು ಎಂದೆ. ವಿಭಾಗದಲ್ಲಿ ಬರೆದದ್ದೆಲ್ಲ ವಿಭಾಗದ್ದು ಎಂದರು. ಮಾರನೆಯ ದಿನದಿಂದ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ.

ನಾನು ಊರಿಗೆ ಬಂದು ನಿನ್ನೆದುರು ನಿಂತ ಮಧ್ಯಾಹ್ನ ನಿನ್ನ ತಟ್ಟೆಯಲ್ಲಿ ಅನ್ನ ಇನ್ನೂ ಅರ್ಧ ಇತ್ತು. 'ಯಾಕಪ್ಪ ಹಂಗಂದೆ? ಅದು ನನ್ನದು ಅಂತ ನಿಂಗೆ ಗೊತ್ತಿತ್ತು ತಾನೆ?' ಎಂದು ಕೇಳಿದೆ.

'ಗೊತ್ತಿತ್ತು.'

'ಮತ್ತೆ?'

'ದೊಡ್ಡೋರು ಪಕ್ಕದಲ್ಲೇ ನಿಂತಿರುವಾಗ ನನ್ನ ಮಗಳದು ಅಂತ ಹೆಂಗೆ ಹೇಳ್ಲಿ ಮಾರಾಯ್ತಿ? ಅವ್ರನ್ನ ಹೊಗಳಿದ್ರೆ ನಿಂಗೆ ಮುಂದೆ ಒಳ್ಳೆ ಕೆಲ್ಸ ಕೊಡ್ತಾರೆ ಅಂತ ಮಾಡ್ದೆ. ನಿನ್ನ ಒಳ್ಳೇದಕ್ಕೇ.'

ನೀನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ನನಗೆ ಕೆಟ್ಟದ್ದು ಬಯಸಿ ಹಾಗೆ ಹೇಳಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯದು ಬಯಸಿ ನನ್ನ ಹೆಸರನ್ನು ತೆಗೆದು ಅವರ ಕೈಗೆ ಕೊಟ್ಟವನ ಹತ್ತಿರ ಏನೆಂದು ಜಗಳವಾಡಲಿ? 'ಅದೇ ಕ್ಯಾಮೆರಾದವರಿಗೆ ಫೋನ್ ಮಾಡಿ ನಿಜ ಹೇಳು' ಎಂದು ಕೇಳಿದೆ. ನೀನು ತಲೆ ತಗ್ಗಿಸಿ ಅನ್ನ ಕಲಸಿದೆ. 'ಹೇಳಿದ್ ಮಾತು ಹೇಳಾಯ್ತು. ಈಗ ತಿರುಗಿಸಿದ್ರೆ ನನ್ ಮರ್ಯಾದೆ ಏನಾಗುತ್ತೆ?' ಅಂದೆ. ನಿನ್ನ ಮರ್ಯಾದೆ! ನಾನು ಅಂದೇ ಬಸ್ಸು ಹತ್ತಿದೆ. ಆಮೇಲೆ ನಿನ್ನ ಫೋನಿಗೆ ಉತ್ತರ ಕೊಡಲಿಲ್ಲ. ಅದಕ್ಕೆ ಈಗ ಅಳುತ್ತೇನೆ ಎಂದುಕೊಳ್ಳಬೇಡ. ಅಂಥ ಫೋನು ಈಗ ಬಂದರೂ ನಾನು ಎತ್ತುವುದಿಲ್ಲ, ನೀನು ಬೇರೆ ಏನಾದರೂ ಹೇಳುತ್ತೀ ಎಂದು ಗೊತ್ತಾಗುವ ತನಕ.

ಹನೀಫಣ್ಣನ ಫೋನ್ ಬಂದ ದಿನ ಮಾತ್ರ ಎತ್ತಿದೆ. ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತ ನಿನ್ನನ್ನು ಅವನೇ ಜೀಪಿಗೆ ಹಾಕಿಕೊಂಡು ಚಿಕ್ಕಮಗಳೂರಿಗೆ ಹೊರಟಿದ್ದ. ವಸ್ತಾರೆ ದಾಟುವ ಮೊದಲೇ ನೀನು ದಾಟಿಬಿಟ್ಟೆ. ದಾರಿಯಲ್ಲಿ ಏನಾದರೂ ಹೇಳಿದೆಯಾ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. 'ಜೀಪು ನಿಧಾನ ಓಡ್ಸು ಅಂದ್ರು, ಅಷ್ಟೇ' ಎನ್ನುತ್ತಾನೆ. ಅವನಿಗೂ ಸುಳ್ಳು ಹೇಳಲು ಬರುವುದಿಲ್ಲ. ಒಂದು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆನೋ ಏನೋ...

ಸಿನಿಮಾ ಬಂತು ಅಪ್ಪಾ, ನೀನು ಹೋದ ಮೇಲೆ. ಚಿಕ್ಕಮಗಳೂರಿನ ಥಿಯೇಟರಿಗೆ ಅಮ್ಮ, ಹನೀಫಣ್ಣ, ನಾನು ಹೋದೆವು. ಉಡುಪು ವಿನ್ಯಾಸ ಎಂದು ಕಿರಣ್ ಸಾರ್ ಹೆಸರು ಬಂದು ಹೋಯಿತು. ಆಮೇಲೆ ದೊರೆ ಬಂದ. ಗುಡ್ಡದ ಅಂಚಿನಲ್ಲಿ ನಿಂತ, ಮಳೆ ಹೊಯ್ಯುತ್ತಿತ್ತು, ನನ್ನ ಒಂದೊಂದು ಎಲೆಯೂ ಕಾಣುತ್ತಿತ್ತು. ಜನ ಸಿಳ್ಳೆ ಹಾಕಿದರು. ಅಮ್ಮ ಪರದೆಯನ್ನೇ ನೋಡುತ್ತಾ ನನ್ನ ತೋಳು ಹಿಡಿದು ಕೇಳಿದಳು, 'ನಿಮ್ಮಪ್ಪ ಮಾಡಿದ್ದು ಎಲ್ಲೇ?'

ದೊರೆಯ ತಲೆಯ ಮೇಲೆ ನಿನ್ನ ಕಿರೀಟ ಇರಲಿಲ್ಲ. ಅಲ್ಲಿ ನೀರಿನ ಹನಿಗಳು ಗಾಳಿಯಲ್ಲೇ ನಿಂತು ತಿರುಗುತ್ತಿದ್ದವು, ಹೊಳೆಯುತ್ತಿದ್ದವು. 'ಅದು ಕಂಪ್ಯೂಟರಲ್ಲಿ ಮಾಡಿದ್ದು ಅಕ್ಕಾ' ಎಂದು ಹನೀಫಣ್ಣ ಮೆಲ್ಲಗೆ ಹೇಳಿದ. ನಿನ್ನದನ್ನು ಅಳಿಸಿ ಅದನ್ನು ಕೂರಿಸಿದ್ದರು. ನೀನು ಮಗಳಿಗೆ ಇಲ್ಲವೆಂದು ಸಾರ್‌ಗೆ ಕಟ್ಟಿಕೊಟ್ಟ ಕಿರೀಟ ಈಗ ಯಾವ ಗೋಡೌನಿನಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಸಿನಿಮಾದ ಆಫೀಸಿಗೆ ಫೋನ್ ಮಾಡಿ ಕೇಳಿದರೆ, 'ಯಾವ ಕಿರೀಟ?' ಎಂದರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ನಿನಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಸಿನಿಮಾ ಕೆಲಸಗಾರರ ನಮ್ಮ ಸಂಘಕ್ಕೆ ನಾನು ದೂರು ಕೊಟ್ಟೆ. ವಿಚಾರಣೆಗೆ ಬೆಂಗಳೂರಿಗೆ ಕರೆದಾಗ ಒಬ್ಬಳೇ ಹೋಗಬೇಡ ಎಂದು ಅಮ್ಮ ಜೊತೆಗೆ ಹೊರಟಳು. ಸಮಿತಿಯವರು ಐದಾರು ಜನ, ಎದುರಿಗೆ ಕಿರಣ್ ಸಾರ್. ಅವರು ಮತ್ತೆ ಆ ವಿಡಿಯೋ ಹಾಕಿದರು. ನಿನ್ನ ದನಿ ಆ ರೂಮಿನಲ್ಲಿ ಕೇಳಿದ ಕೂಡಲೇ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನೀನು ಹೋದ ಮೇಲೆ ಅವಳು ನಿನ್ನ ದನಿ ಕೇಳಿದ್ದು ಅದೇ ಮೊದಲು. ಅಧ್ಯಕ್ಷರು, 'ತಂದೆಯೇ ಹೀಗೆ ಹೇಳಿರುವಾಗ ನಾವೇನು ಮಾಡೋಣಮ್ಮ?' ಎಂದು ನನ್ನತ್ತ ನೋಡಿದರು. ಅಷ್ಟರಲ್ಲಿ ಬಾಗಿಲ ಹತ್ತಿರದ ಕುರ್ಚಿಯಿಂದ ಅಮ್ಮ ಎದ್ದಳು. ನಾನು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ.

'ಗೊರಬು ಹಾಕ್ಕಂಡು ಗದ್ದೆ ನೆಟ್ಟಿದ್ದು ನಾನು. ನನ್ನ ಬೆನ್ನು ನೋಡಿ ಬರ್ದಿದ್ದು ಇವ್ಳು. ನಮ್ಮನೆಯೋರು ಅವತ್ತು ಹೇಳಿದ್ದು ಸುಳ್ಳು.'

'ಸತ್ತಿರೋ ಯಜಮಾನ್ರು ಸುಳ್ಳು ಹೇಳಿದ್ರು ಅಂತೀರಾ ಅಮ್ಮ?' ಕಿರಣ್ ಸಾರ್ ಮೆಲ್ಲಗೆ ಕೇಳಿದರು.

'ಹೂಂ. ದೊಡ್ಡೋರ ಮುಂದೆ ಅವ್ರು ಯಾವತ್ತೂ ನಿಜ ಹೇಳಿದ್ದೇ ಇಲ್ಲ.'

ಅಷ್ಟು ಹೇಳಿ ಕೂತಳು. ಅಧ್ಯಕ್ಷರು ಅವಳಿಗೆ ನೀರು ತರಿಸಿಕೊಟ್ಟರು.

ಗೆದ್ದೆವು ಎಂದು ಬರೆಯಲಾರೆ. ಸಮಿತಿಯ ತೀರ್ಮಾನದಂತೆ ಇನ್ನು ಮುಂದಿನ ಪ್ರತಿಗಳಲ್ಲಿ ಕಿರಣ್ ಸಾರ್ ಹೆಸರಿನ ಕೆಳಗೆ, ಒಂದಿಷ್ಟು ಸಣ್ಣ ಅಕ್ಷರದಲ್ಲಿ, ನನ್ನ ಹೆಸರು ಬರುತ್ತದೆ. ಮೊಬೈಲಿನಲ್ಲಿ ನೋಡಿದೆ, ಬಂದಿದೆ. ಥಿಯೇಟರಿನಲ್ಲಿ ಸಿಳ್ಳೆ ಹಾಕಿದವರು ಅದನ್ನು ಓದುವುದಿಲ್ಲ. ಸಿನಿಮಾದ ಎರಡನೆಯ ಭಾಗಕ್ಕೂ ಕಿರಣ್ ಸಾರ್ ಅವರೇ ಉಡುಪು ಮಾಡುತ್ತಿದ್ದಾರೆ; ನನ್ನನ್ನು 'ಜಗಳಗಂಟಿ' ಎನ್ನುತ್ತಾರಂತೆ, ಬೇರೆಯವರೂ ಕೆಲಸಕ್ಕೆ ಕರೆಯುತ್ತಿಲ್ಲ. ಸದ್ಯ ನಿನ್ನ ಅಂಗಡಿ ತೆರೆದು ಕೂತಿದ್ದೇನೆ.

ಸಂಘದಿಂದ ಊರಿಗೆ ಮರಳುವ ಬಸ್ಸಿನಲ್ಲಿ ಅಮ್ಮ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ನಿದ್ದೆ ಹೋಗಿದ್ದಾಳೆ ಅಂದುಕೊಂಡೆ. ಕಾಫಿ ತೋಟಗಳ ತಿರುವು ಶುರುವಾದಾಗ ಕಣ್ಣು ಬಿಡದೆಯೇ ಹೇಳಿದಳು, 'ಅವ್ರಿದ್ದಿದ್ರೆ ಇವತ್ತು ನನ್ನ ಮ್ಯಾಲೆ ಸಿಟ್ಟು ಮಾಡ್ತಿದ್ರು.'

'ಮಾಡ್ಲಿ ಬಿಡಮ್ಮ' ಎಂದೆ.

ಸಿಟ್ಟು ಮಾಡು ಅಪ್ಪಾ. ಕಾರಿನಲ್ಲಿ ಬಂದವರ ಮೇಲೆ ಜೀವಮಾನದಲ್ಲಿ ಒಮ್ಮೆಯೂ ಸಿಟ್ಟಾಗದವನು ನೀನು, ಈಗ ನಮ್ಮಿಬ್ಬರ ಮೇಲಾದರೂ ಆಗು. ಅಮ್ಮ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳಗೊಡುವುದಿಲ್ಲ.

ವಿನುತಾ